ನುಡಿಸಲು ಬಾರದವನು ಮಾಡಿದ ಗಿಟಾರ್

ನಮ್ಮೂರು ಕಿರುಗಾವಲು. ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ಕೂತರೆ ದಾರಿಯಲ್ಲಿ ಸಿಗುತ್ತದೆ. ಕಬ್ಬು, ಭತ್ತ, ಹಳೆಯ ಮಾವಿನ ತೋಪು ಇಷ್ಟು ಹೇಳಿದರೆ ಊರಿನ ಪರಿಚಯ ಮುಗಿಯಿತು. ಗಿಟಾರಿಗೂ ನಮ್ಮೂರಿಗೂ ಯಾವ ನಂಟೂ ಇಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ನಾನು ಗಿಟಾರಿನ ಕತ್ತೊಂದನ್ನು ತೊಡೆಯ ಮೇಲಿಟ್ಟುಕೊಂಡು ಮನೆಯ ಜಗಲಿಯಲ್ಲಿ ಕೂತಿರುತ್ತಿದ್ದೆ. ದಾರಿಯಲ್ಲಿ ಹೋಗುವವರು ಅದೇನೆಂದು ಕೇಳುತ್ತಿದ್ದರು. ಕೆಲಸ ಸಿಕ್ಕಿತೇ ಎಂಬ ಪ್ರಶ್ನೆಗಿಂತ ಅದು ಎಷ್ಟೋ ವಾಸಿ.

ನಾನು ಬಿ.ಕಾಂ. ಓದಿದವನು. ಬೆಂಗಳೂರಿನ ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಹದಿನಾಲ್ಕು ತಿಂಗಳು ದುಡಿದೆ. ಹೊಸ ಸಾಫ್ಟ್‌ವೇರ್ ಬಂತು, ನಾವು ಆರು ಜನ ಹೊರಗೆ ಬಂದೆವು. ಮೊದಲ ತಿಂಗಳ ಸಂಬಳದಲ್ಲಿ ಕೊಂಡಿದ್ದ ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಬಟ್ಟೆಯ ಚೀಲದ ಜೊತೆ ಊರಿಗೆ ತಂದೆ. ಅದರ ಕತ್ತು, ಬೆರಳು ಆಡುವ ಹಲಗೆ, ಎರಡೂ ಬಿಳಿಚಿಕೊಂಡ ಮೇಪಲ್ ಮರದ್ದು. ಯಾರೋ ಅದಕ್ಕೆ ದಪ್ಪಗೆ ವಾರ್ನಿಷ್ ಬಳಿದಿದ್ದರು. ನಮ್ಮ ಕಡೆಯ ಸೆಖೆಗೆ ಅಂಗೈ ಬೆವರಿದರೆ ಕೈ ಅಲ್ಲೇ ಅಂಟಿಕೊಳ್ಳುತ್ತಿತ್ತು. ಮಾಡಲು ಬೇರೆ ಕೆಲಸವೂ ಇರಲಿಲ್ಲವಲ್ಲ, ಸ್ಯಾಂಡ್ ಪೇಪರ್ ತಂದು ಅಷ್ಟನ್ನೂ ಉಜ್ಜಿ ತೆಗೆದೆ. ಮರ ಹಾಲಿನ ಕೆನೆಯ ಬಣ್ಣಕ್ಕೆ ಬಂತು. ಆಮೇಲೆ ಅದಕ್ಕೆ ಏನು ಬಳಿಯಬೇಕೆಂಬ ಪ್ರಶ್ನೆ ಎದ್ದಿತು.

ಊರಿನ ಆಚಾರ್ರು ಪಿ.ಯು. ಹೊಡೆಸು, ಗಾಜಿನ ಹಾಗೆ ಹೊಳೆಯುತ್ತದೆ ಎಂದರು. ಮೈಸೂರಿನ ಬಣ್ಣದಂಗಡಿಯವರು ಎನ್‌ಸಿ ಲ್ಯಾಕರ್ ಡಬ್ಬಿ ತೋರಿಸಿದರು. ಕಾಲೇಜಿನ ಗೆಳೆಯನೊಬ್ಬ ಏನೂ ಹಚ್ಚಬೇಡ, ಒಂದಿಷ್ಟು ಎಣ್ಣೆ ಸವರು ಸಾಕು ಎಂದ. ಇನ್ನೊಬ್ಬ ಅದನ್ನು ಹಾಗೇ ಮಾರಿಬಿಡು, ಕೋಚಿಂಗ್ ಫೀಸಿಗಾದರೂ ಆಗುತ್ತದೆ ಎಂದ. ಅವನ ಮಾತು ನೋವಾಗುವಷ್ಟು ಸರಿಯಾಗಿತ್ತು. ಕೊಳ್ಳುವವನನ್ನೂ ಅವನೇ ಹುಡುಕಿಕೊಟ್ಟಿದ್ದ. ತಿಂಗಳ ಕೊನೆಯವರೆಗೆ ಸಮಯ ಕೇಳಿಕೊಂಡೆ.

ಆ ತಿಂಗಳು ಇಂಥ ಕತ್ತನ್ನು ಮೊದಲು ಮಾಡಿದವರು ಅದಕ್ಕೆ ಏನು ಹಚ್ಚಿದ್ದರು ಎಂದು ಹುಡುಕುತ್ತಾ ಹೋದೆ. ಆಗ ಸಿಕ್ಕಿದವನು ಲಿಯೋ ಫೆಂಡರ್. ಹೆಸರು ಗೊತ್ತಿತ್ತು. ಗಿಟಾರ್ ಹಿಡಿದವರಿಗೆಲ್ಲ ಗೊತ್ತು. ಆದರೆ ಆತನೂ ನನ್ನ ಹಾಗೆ ಲೆಕ್ಕ ಬರೆಯುವವನಾಗಿದ್ದ, ನನ್ನ ಹಾಗೆ ಕೆಲಸ ಕಳೆದುಕೊಂಡಿದ್ದ, ಅದೂ ಒಂದಲ್ಲ ಎರಡು ಸಲ ಎಂಬುದು ಗೊತ್ತಿರಲಿಲ್ಲ.

ಲಿಯೋ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅನಾಹೈಮ್ ಮತ್ತು ಫುಲರ್ಟನ್ ಎಂಬ ಎರಡು ಊರುಗಳ ನಡುವೆ ಅಪ್ಪ ಅಮ್ಮನಿಗೆ ಕಿತ್ತಳೆ ತೋಟವಿತ್ತು. ಅಂದರೆ ಆತನೂ ತೋಟದ ಮನೆಯ ಹುಡುಗ. ಎಂಟು ವರ್ಷದವನಿದ್ದಾಗ ಗೆಡ್ಡೆಯಾಗಿ ಒಂದು ಕಣ್ಣು ಹೋಯಿತು. ಆ ಜಾಗಕ್ಕೆ ಗಾಜಿನ ಕಣ್ಣು ಬಂತು. ಹದಿಮೂರರ ವಯಸ್ಸಿನಲ್ಲಿ, ಕಾರುಗಳ ವಿದ್ಯುತ್ ರಿಪೇರಿ ಅಂಗಡಿ ಇಟ್ಟಿದ್ದ ಸೋದರ ಸಂಬಂಧದ ಹಿರಿಯರೊಬ್ಬರು ಒಂದು ಪೆಟ್ಟಿಗೆ ತುಂಬ ಬಿಡಿಭಾಗಗಳನ್ನು ಕಳಿಸಿದರು. ಮರುವರ್ಷ ಅವರ ಅಂಗಡಿಗೆ ಹೋದಾಗ, ಅವರೇ ಜೋಡಿಸಿದ ರೇಡಿಯೊದಿಂದ ಜೋರಾಗಿ ಸಂಗೀತ ಹರಿದುಬರುವುದನ್ನು ಕೇಳಿದ. ಅಲ್ಲಿಂದ ರೇಡಿಯೊ ಬಿಚ್ಚುವುದು, ಕಟ್ಟುವುದು ಆತನ ಗೀಳಾಯಿತು. ಪಿಯಾನೊ ಕಲಿತ, ಸ್ಯಾಕ್ಸೊಫೋನ್ ಕಲಿತ. ಗಿಟಾರನ್ನು ಮಾತ್ರ ಕಲಿಯಲೇ ಇಲ್ಲ, ಕೊನೆಯವರೆಗೂ.

1928ರಲ್ಲಿ ಪ್ರೌಢಶಾಲೆ ಮುಗಿಸಿ ಫುಲರ್ಟನ್ ಜೂನಿಯರ್ ಕಾಲೇಜು ಸೇರಿದ. ಓದಿದ್ದು ಎಲೆಕ್ಟ್ರಾನಿಕ್ಸ್ ಅಲ್ಲ, ಲೆಕ್ಕಶಾಸ್ತ್ರ. ಹೊಟ್ಟೆಪಾಡಿನ ಓದು ಒಂದು, ಮನಸ್ಸಿನ ಓದು ಇನ್ನೊಂದು. ನಮ್ಮಲ್ಲಿ ಎಷ್ಟು ಜನರ ಕತೆ ಇದೇ ಅಲ್ಲ! ಮೊದಲು ಐಸ್ ಕಂಪನಿಯಲ್ಲಿ ಸರಕು ತಲುಪಿಸುವ ಕೆಲಸ, ಮುಂದೆ ಅಲ್ಲೇ ಲೆಕ್ಕ ಬರೆಯುವ ಕೆಲಸ. ಬಿಡುವಿನ ವೇಳೆಯಲ್ಲಿ ರೇಡಿಯೊ ರಿಪೇರಿ. ನೃತ್ಯಕೂಟಗಳಿಗೆ ವಾದ್ಯಮೇಳ ನಡೆಸುವವರೊಬ್ಬರು ಕೇಳಿದ್ದಕ್ಕೆ ಆರು ಧ್ವನಿವರ್ಧಕ ವ್ಯವಸ್ಥೆಗಳನ್ನೂ ಕಟ್ಟಿಕೊಟ್ಟ. 1934ರಲ್ಲಿ ಎಸ್ತರ್ ಎಂಬವರೊಂದಿಗೆ ಮದುವೆಯಾಯಿತು. ಆ ಹೊತ್ತಿನಲ್ಲಿ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನ ಕೆಲಸ ಸಿಕ್ಕಿತ್ತು. ಸರ್ಕಾರಿ ಕೆಲಸ, ಮದುವೆ, ಸಂಸಾರ. ನಮ್ಮ ಕಡೆ ಇದನ್ನೇ ನೆಲೆ ನಿಂತ ಅನ್ನುವುದು.

ಆದರೆ ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಇಲಾಖೆಯ ಆ ಹುದ್ದೆಯೇ ರದ್ದಾಯಿತು. ಟೈರ್ ಕಂಪನಿಯೊಂದರ ಲೆಕ್ಕ ವಿಭಾಗಕ್ಕೆ ಸೇರಿದ. ಆರು ತಿಂಗಳಾಗುವಷ್ಟರಲ್ಲಿ ಅಲ್ಲಿಯೂ ಲೆಕ್ಕಿಗರನ್ನು ಮನೆಗೆ ಕಳಿಸಿದರು. ಈ ಸಾಲುಗಳನ್ನು ಓದಿದ ರಾತ್ರಿ ನಾನು ಮೊಬೈಲ್ ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಮಲಗಿದ್ದೆ. ತೊಂಬತ್ತು ವರ್ಷಗಳ ಹಿಂದೆ, ಸಮುದ್ರದ ಆಚೆ ದಡದಲ್ಲಿ, ನನ್ನದೇ ಕತೆ ನಡೆದಿತ್ತು.

1938ರಲ್ಲಿ ಲಿಯೋ ಆರುನೂರು ಡಾಲರ್ ಸಾಲ ತಂದು ಫುಲರ್ಟನ್‌ಗೆ ಮರಳಿ ರೇಡಿಯೊ ಅಂಗಡಿ ತೆರೆದ. ಇಲ್ಲಿ ನಾವು ಒಂದು ಮಾತು ಗಮನಿಸಬೇಕು. ಕೆಲಸ ಹೋಯಿತು, ಮರುದಿನವೇ ಸಾಹಸಿಯಾದ ಎಂಬ ಸಿನಿಮಾ ಕತೆ ಅಲ್ಲ ಇದು. ರೇಡಿಯೊ ಬಿಚ್ಚಿ ಜೋಡಿಸುವ ಹದಿನೈದು ವರ್ಷಗಳ ಅಭ್ಯಾಸ ಆತನ ಬೆನ್ನಿಗಿತ್ತು. ಆರುನೂರು ಡಾಲರ್ ಸಾಲ ತಂದ ದಿನ ಆ ಅಭ್ಯಾಸವೇ ಬಂಡವಾಳದ ದೊಡ್ಡ ಪಾಲಾಗಿತ್ತು. ಕೈಯಲ್ಲಿ ಏನೂ ಇಲ್ಲದೆ ಸಾಲ ಮಾಡಿದ್ದರೆ ಕತೆಯೇ ಬೇರೆಯಾಗುತ್ತಿತ್ತೇನೋ.

ಅಂಗಡಿಗೆ ರೇಡಿಯೊ ತರುವವರ ಜೊತೆಗೆ ವಾದ್ಯಗಾರರೂ ಬರತೊಡಗಿದರು. ಅವರ ಗೋಳು ಒಂದೇ: ಸದ್ದು ಸಾಲುತ್ತಿಲ್ಲ. ಕುಣಿತದ ಮಂದಿರಗಳಲ್ಲಿ ಡ್ರಮ್ಮು, ತುತ್ತೂರಿಗಳ ನಡುವೆ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಪಕ್ಕದ ತಿರುಮಕೂಡಲು. ಕಾವೇರಿ, ಕಪಿಲೆ ಕೂಡುವ ಆ ಊರಿನ ಪಿಟೀಲು ಚೌಡಯ್ಯನವರಿಗೂ ಎದುರಾದದ್ದು ಇದೇ ಕಷ್ಟ. ಮೈಕಿಲ್ಲದ ಕಾಲದ ಕಚೇರಿಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುವುದು ಕಷ್ಟವಿತ್ತು. ಅವರು 1920ರ ದಶಕದಲ್ಲಿ ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಅಲ್ಲಿ ವಿದ್ಯುತ್ತು, ಇಲ್ಲಿ ತಂತಿ. ದಾರಿ ಬೇರೆಯಾದರೂ ಕೊನೆಯ ಸಾಲಿನಲ್ಲಿ ಕೂತವನ ಕಿವಿಗೆ ನಾದ ಮುಟ್ಟಬೇಕೆಂಬ ಕಾಳಜಿ ಒಂದೇ.

ಒಂದು ವ್ಯತ್ಯಾಸವೂ ಇದೆ. ಚೌಡಯ್ಯನವರು ಮಹಾ ವಿದ್ವಾಂಸರು. ತಮ್ಮ ಕೈಗೆ ಏನು ಬೇಕೆಂದು ಅವರಿಗೇ ಗೊತ್ತಿತ್ತು. ಲಿಯೋಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಶ್ರುತಿ ಮಾಡಲೂ ಬರುತ್ತಿರಲಿಲ್ಲ ಎನ್ನುತ್ತಾರೆ. ಹಾಗಾಗಿ ಆತ ಕೇಳಲೇಬೇಕಿತ್ತು. ಮಾಡಿದ್ದನ್ನು ವಾದ್ಯಗಾರರ ಕೈಗೆ ಕೊಟ್ಟು, ಏನು ಸರಿಯಿಲ್ಲ ಹೇಳಿ ಎಂದು ಕೇಳುವುದು ಆತನ ಪದ್ಧತಿಯಾಯಿತು. ಬಾರದಿರುವುದೇ ಬಲವಾಯಿತು.

1945ರಲ್ಲಿ ಡಾಕ್ ಕಾಫ್ಮನ್ ಎಂಬ ವಾದ್ಯಗಾರನೊಡನೆ ಸೇರಿ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರುಗಳನ್ನು ಮಾಡಿದ. ಮರುವರ್ಷ ಕಾಫ್ಮನ್ ಹೊರನಡೆದ. ಲಿಯೋ ತನ್ನ ಹೆಸರಿನಲ್ಲೇ ಕಂಪನಿ ಕಟ್ಟಿದ. 1948ರಲ್ಲಿ ಜಾರ್ಜ್ ಫುಲರ್ಟನ್ ಬಂದು ಸೇರಿದ. 1950ರಲ್ಲಿ ಇಬ್ಬರ ಶ್ರಮದಿಂದ ಒಂದು ಗಿಟಾರ್ ಹೊರಬಂತು. ಟೊಳ್ಳು ಹೊಟ್ಟೆ ಇಲ್ಲ, ಗಟ್ಟಿ ಮರದ ಹಲಗೆ. ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದ ಮೇಪಲ್ ಕತ್ತು.

ಈ ಕತ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿಯವರೆಗೆ ಗಿಟಾರಿನ ಕತ್ತನ್ನು ಒಡಲಿಗೆ ಅಂಟು ಹಾಕಿ ಕೂರಿಸುತ್ತಿದ್ದರು. ಅದರ ಮೇಲೆ ಬೀಟೆಯದೋ ಕರಿಮರದ್ದೋ ಬೇರೊಂದು ಹಲಗೆ ಅಂಟಿಸಿ, ಆ ಹಲಗೆಗೆ ಫ್ರೆಟ್ ಎಂಬ ಲೋಹದ ಪಟ್ಟಿಗಳನ್ನು ಕೂರಿಸುತ್ತಿದ್ದರು. ವೀಣೆಯ ಮೆಟ್ಟಿಲುಗಳ ಕೆಲಸವನ್ನೇ ಇವೂ ಮಾಡುವುದು. ವೀಣೆಯಲ್ಲಿ ಅವನ್ನು ಮೇಣದ ಮೇಲೆ ನಿಲ್ಲಿಸುತ್ತಾರೆ, ಬೆರಳು ಮರಕ್ಕೆ ತಾಗುವುದಿಲ್ಲ. ಗಿಟಾರಿನಲ್ಲಿ ಬೆರಳು ಮರಕ್ಕೇ ತಾಗುತ್ತದೆ. ಲಿಯೋ ಲೆಕ್ಕಿಗನಲ್ಲವೇ, ಎರಡು ಮರ ಯಾಕೆ, ಒಂದೇ ಸಾಲದೇ ಎಂದು ಯೋಚಿಸಿದ. ಗಟ್ಟಿ ಮೇಪಲ್ ಮರದ ಒಂದೇ ತುಂಡಿನಲ್ಲಿ ಕತ್ತು ಕೊರೆದು, ಫ್ರೆಟ್‌ಗಳನ್ನು ನೇರವಾಗಿ ಅದಕ್ಕೇ ಬಡಿದ. ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಕತ್ತು ಹಾಕಿದರಾಯಿತು. ರೇಡಿಯೊ ರಿಪೇರಿ ಮಾಡಿದವನಿಗಷ್ಟೇ ಹೊಳೆಯುವ ಯೋಚನೆ ಇದು: ವಸ್ತು ಕೆಟ್ಟೇ ಕೆಡುತ್ತದೆ, ಬಿಚ್ಚಲು ಸುಲಭವಾಗಿರಬೇಕು.

ಮೊದಮೊದಲು ಒಂದು ತಪ್ಪೂ ಮಾಡಿದ. ಮೇಪಲ್ ಅಷ್ಟು ಗಟ್ಟಿಯಿರುವಾಗ ಒಳಗೆ ಉಕ್ಕಿನ ಸರಳು ಬೇಡ ಎಂದುಕೊಂಡ. ತಂತಿಗಳ ಎಳೆತಕ್ಕೆ ಕತ್ತು ಬಾಗುತ್ತದೆ ಎಂದು ಮಾರಾಟ ನೋಡಿಕೊಳ್ಳುತ್ತಿದ್ದ ಡಾನ್ ರ‍್ಯಾಂಡಲ್ ಪಟ್ಟು ಹಿಡಿದ. ವರ್ಷ ಮುಗಿಯುವುದರೊಳಗೆ ಸರಳು ಸೇರಿತು. ಅದನ್ನು ಕತ್ತಿನ ಹಿಂಬದಿಯಿಂದ ಕೂರಿಸಿ, ಗೀರಿದ ಜಾಗವನ್ನು ಕಂದು ಬಣ್ಣದ ವಾಲ್‌ನಟ್ ಮರದ ಪಟ್ಟಿಯಿಂದ ಮುಚ್ಚಿದರು. ಆ ಕಂದು ಗೆರೆ ಇವತ್ತಿಗೂ ಇಂಥ ಕತ್ತುಗಳ ಗುರುತು. ತಪ್ಪನ್ನು ತಿದ್ದಿದ ಗುರುತೇ ಒಂದು ಅಂದವಾಯಿತು. ಹೆಸರಿನ ಕತೆಯೂ ಹೀಗೇ. ಮೊದಲಿಟ್ಟ ಬ್ರಾಡ್‌ಕಾಸ್ಟರ್ ಎಂಬ ಹೆಸರಿಗೆ ಇನ್ನೊಂದು ಕಂಪನಿ ತಕರಾರು ತೆಗೆಯಿತು. ಅಚ್ಚಾಗಿದ್ದ ಹೆಸರಿನ ಪಟ್ಟಿಗಳನ್ನು ಬಿಸಾಡದೆ, ಆ ಪದವನ್ನಷ್ಟೇ ಕತ್ತರಿಸಿ ತೆಗೆದು ಉಳಿದದ್ದನ್ನು ಅಂಟಿಸಿ ಕೆಲವು ಕಾಲ ಮಾರಿದರು. 1951ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರು ನಿಂತಿತು. ಅದೇ ವರ್ಷ ಎಲೆಕ್ಟ್ರಿಕ್ ಬೇಸ್ ಗಿಟಾರ್ ಬಂತು. ಟೆಲಿಕಾಸ್ಟರ್‌ನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ಬಿಲ್ ಕಾರ್ಸನ್ ಎಂಬ ವಾದಕ ಗೊಣಗಿದ್ದ. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್‌ನ ಅಂಚುಗಳನ್ನು ಮೈಗೆ ಒಗ್ಗುವಂತೆ ಕೆತ್ತಿದ್ದರು.

ಇನ್ನು ನನ್ನ ಪ್ರಶ್ನೆಗೆ ಬರೋಣ. ಆ ಕತ್ತಿಗೆ ಏನು ಹಚ್ಚಿದ್ದರು? ಬೀಟೆ, ಕರಿಮರಗಳಲ್ಲಿ ಸಹಜವಾದ ಎಣ್ಣೆಯಂಶ ಇರುತ್ತದೆ, ಬಣ್ಣವೂ ಗಾಢ. ಅವಕ್ಕೆ ಏನೂ ಬಳಿಯದಿದ್ದರೂ ನಡೆಯುತ್ತದೆ. ಮೇಪಲ್ ಹಾಗಲ್ಲ. ಮರ ಗಟ್ಟಿ, ರಂಧ್ರಗಳು ಸಣ್ಣವು, ಆದರೆ ಬಣ್ಣ ಬಿಳಿ. ಬೆವರು, ಕೊಳೆ ಕುಡಿದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಮೇಲೊಂದು ಪದರ ಬೇಕೇ ಬೇಕು. ಆಗಿನ ಕಾಲಕ್ಕೆ ಕಾರು, ಪೀಠೋಪಕರಣಗಳಿಗೆ ಹೊಡೆಯುತ್ತಿದ್ದದ್ದು ನೈಟ್ರೊಸೆಲ್ಯುಲೋಸ್ ಲ್ಯಾಕರ್. ಮೈಸೂರಿನ ಅಂಗಡಿಯವರು ತೋರಿಸಿದ ಎನ್‌ಸಿ ಲ್ಯಾಕರ್ ಅದೇ ಜಾತಿಯದು. ಬೇಗ ಒಣಗುತ್ತದೆ, ಒಂದರ ಮೇಲೊಂದು ಹೊಡೆದರೆ ಪದರಗಳು ಕರಗಿ ಒಂದಾಗುತ್ತವೆ, ತೆಳ್ಳಗೆ ಕೂರುತ್ತದೆ. ಲಿಯೋ ಬಳಸಿದ್ದು ಅದನ್ನೇ.

ಆದರೆ ದಿನಾ ರಾತ್ರಿ ನುಡಿಸುವವರ ಬೆರಳಿಗೆ ಆ ಲ್ಯಾಕರ್ ತಾಳಲಿಲ್ಲ. ಫ್ರೆಟ್‌ಗಳ ನಡುವೆ, ಬೆರಳು ಹೆಚ್ಚು ಓಡಾಡುವ ಕಡೆ ಸವೆದು, ಮರ ಬೆತ್ತಲಾಗಿ, ಕೊಳೆ ಸೇರಿ ಕಪ್ಪು ಮಚ್ಚೆಗಳಾದವು. ಟಿ.ವಿ. ಬಂದ ಹೊಸತು. ಟಿ.ವಿ.ಯಲ್ಲಿ ತನ್ನ ಗಿಟಾರಿನ ಕತ್ತು ಕೊಳಕಾಗಿ ಕಂಡದ್ದು ಲಿಯೋಗೆ ಹಿಡಿಸಲಿಲ್ಲ ಎಂದು ಹೇಳುತ್ತಾರೆ. 1958ರಲ್ಲಿ ಜಾಜ್‌ಮಾಸ್ಟರ್ ಎಂಬ ಹೊಸ ಗಿಟಾರಿಗೆ ಬೀಟೆ ಜಾತಿಯ ರೋಸ್‌ವುಡ್ ಹಲಗೆ ಹಾಕಿದ. ಮರುವರ್ಷ ಉಳಿದವಕ್ಕೂ ಅದೇ ಬಂತು. ಒಂದೇ ಮರದ ಕತ್ತು ಎಂಬುದು ಆತನದೇ ಯೋಚನೆ, ಆತನದೇ ಹೆಮ್ಮೆ. ನುಡಿಸುವ ಕೈಗಳು ಅದನ್ನು ಸವೆಸಿ ತೋರಿಸಿದಾಗ ಹೆಮ್ಮೆಯನ್ನು ಪಕ್ಕಕ್ಕಿಟ್ಟ. ಇದು ನನಗೆ ಬಹಳ ಹಿಡಿಸಿದ ಗುಣ.

ಅದಾದ ಮೇಲಿನ ಕತೆ ಇನ್ನೂ ಸ್ವಾರಸ್ಯ. 1950ರ ದಶಕದ ನಡುವೆ ಅಂಟಿದ ಸೋಂಕೊಂದು ಲಿಯೋನನ್ನು ವರ್ಷಗಟ್ಟಲೆ ಕಾಡಿತು. ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದುಕೊಂಡು 1965ರ ಜನವರಿಯಲ್ಲಿ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ 130 ಲಕ್ಷ ಡಾಲರ್‌ಗೆ ಮಾರಿದ. ಆರುನೂರು ಡಾಲರ್ ಸಾಲದಿಂದ ಇಪ್ಪತ್ತೇಳು ವರ್ಷಗಳ ದಾರಿ ಅದು. ಹೊಸಬರ ಕಾಲದಲ್ಲಿ ಮೇಪಲ್ ಹಲಗೆ ಮತ್ತೆ ಬಂತು. ಜೊತೆಗೆ 1960ರ ದಶಕದ ಕೊನೆಯಲ್ಲಿ ದಪ್ಪನೆಯ ಪಾಲಿಯೆಸ್ಟರ್ ಲೇಪ ಬಂತು. ಅದು ಸುಲಭಕ್ಕೆ ಸವೆಯುವುದಿಲ್ಲ, ಹಳದಿಯಾಗುವುದೂ ಕಡಿಮೆ. ಸವೆತದ ದೂರಿಗೆ ಕೊನೆಗೂ ಪರಿಹಾರ ಸಿಕ್ಕಿತಲ್ಲ ಎಂದುಕೊಳ್ಳಬೇಕು. ಆದರೆ ಗಿಟಾರ್ ಪ್ರಿಯರು ಇವತ್ತು ಹೆಚ್ಚು ಬೆಲೆ ಕೊಟ್ಟು ಹುಡುಕುವುದು ಆ ಹಳೆಯ, ಲ್ಯಾಕರ್ ಸವೆದು ಕಪ್ಪಾದ ಕತ್ತುಗಳನ್ನೇ. ಹೊಸ ಗಿಟಾರನ್ನು ಬೇಕೆಂದೇ ಉಜ್ಜಿ ಹಳತಾದಂತೆ ಮಾಡಿ ಮಾರುವ ವ್ಯಾಪಾರವೂ ಇದೆ! ಕೊಳಕೆಂದು ಕಂಡದ್ದು ದುಡಿಮೆಯ ಗುರುತಾಗಿ ಕಾಣಲು ಕೆಲವು ದಶಕಗಳು ಬೇಕಾದವು.

ಮಾರಿದ ಮೇಲೆ ಲಿಯೋನ ಆರೋಗ್ಯ ಸುಧಾರಿಸಿತು. ಹತ್ತು ವರ್ಷ ಸ್ಪರ್ಧೆಗೆ ಇಳಿಯಬಾರದೆಂಬ ಕರಾರಿತ್ತು. ಕರಾರು ಮುಗಿಯುತ್ತಿದ್ದಂತೆ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷನಾದ. ಪತ್ನಿ ಎಸ್ತರ್ 1979ರಲ್ಲಿ ತೀರಿಕೊಂಡರು. ಎಪ್ಪತ್ತರ ವಯಸ್ಸಿನಲ್ಲಿ ಹಳೆಯ ಜೊತೆಗಾರ ಜಾರ್ಜ್ ಫುಲರ್ಟನ್‌ನೊಡನೆ ಜಿ ಅಂಡ್ ಎಲ್ ಎಂಬ ಮೂರನೆಯ ಕಂಪನಿ ಕಟ್ಟಿದ. ಪಾರ್ಕಿನ್ಸನ್ ಕಾಯಿಲೆ ಕೈ ನಡುಗಿಸಿದರೂ ಕೆಲಸದ ಮೇಜಿಗೆ ಬರುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು ತೀರಿಕೊಂಡ. ಅದರ ಹಿಂದಿನ ದಿನವೂ ಕೆಲಸಕ್ಕೆ ಹೋಗಿದ್ದ. ಕೊನೆಯವರೆಗೂ ಆತನಿಗೆ ಗಿಟಾರಿನಲ್ಲಿ ಒಂದು ಹಾಡು ನುಡಿಸಲು ಬರಲಿಲ್ಲ.

ಇಷ್ಟೆಲ್ಲ ಓದಿದರೂ ನನ್ನ ಕತ್ತು ಬೆತ್ತಲಾಗಿಯೇ ಇತ್ತು. ಲೆಕ್ಕಿಗನ ಹಳೆ ಅಭ್ಯಾಸ, ಒಂದು ನೋಟ್‌ಬುಕ್ಕಿನಲ್ಲಿ ಲಾಭ-ನಷ್ಟದ ಪಟ್ಟಿ ಹಾಕಿದೆ. ಮೊದಲು ಅರಗು. ನಮ್ಮದೇ ನೆಲದ ವಸ್ತು. ಮದ್ದೂರು ದಾಟಿ ಬೆಂಗಳೂರಿನ ಕಡೆ ಹೋದರೆ ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆಗಳಿಗೆ ಇಂದಿಗೂ ಅದನ್ನೇ ಹಚ್ಚುತ್ತಾರೆ. ಚುನಾವಣೆಯ ಶಾಯಿ ಮಾಡುವ ಮೈಸೂರಿನ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರುಮಾಡಿದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿಯೇ. ಪರೀಕ್ಷೆಗೆ ಓದುವವರು ಇದನ್ನು ನೆನಪಿಟ್ಟುಕೊಳ್ಳಬಹುದು. ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸವರಿದರೆ ಅರಗು ಬಹಳ ಚೆಂದ ಕಾಣುತ್ತದೆ. ಆದರೆ ಬಿಸಿಗೆ, ಬೆವರಿಗೆ ಮೆತ್ತಗಾಗುತ್ತದೆ. ಎರಡನೆಯದು ಎನ್‌ಸಿ ಲ್ಯಾಕರ್. ಅದನ್ನು ಹದವಾಗಿ ಹೊಡೆಯಲು ಸ್ಪ್ರೇ ಗನ್ ಬೇಕು, ಹಬೆ ಮೂಗಿಗೆ ಕೆಟ್ಟದ್ದು, ಬೆಂಕಿಯ ಭಯ ಬೇರೆ. ಮೂರನೆಯದು ಪಿ.ಯು. ಗಟ್ಟಿ, ಬೆವರಿಗೆ ಜಗ್ಗುವುದಿಲ್ಲ. ಆದರೆ ಹೊಳಪಿನ ಪಿ.ಯು. ದಪ್ಪಗೆ ಹೊಡೆದರೆ ಹಳೆಯ ಅಂಟುವ ಕತೆಯೇ ಮತ್ತೆ. ನಾಲ್ಕನೆಯದು ಎಣ್ಣೆ. ಅಡುಗೆಮನೆಯ ಕೊಬ್ಬರಿ ಎಣ್ಣೆ ಅಲ್ಲ, ಅದು ಒಣಗುವುದೇ ಇಲ್ಲ. ಬಣ್ಣದಂಗಡಿಯಲ್ಲಿ ಸಿಗುವ ಲಿನ್‌ಸೀಡ್, ಅಂದರೆ ಮರಕ್ಕೆಂದು ಹದಗೊಳಿಸಿದ ಅಗಸೆ ಎಣ್ಣೆ. ಅದು ಗಾಳಿ ಕುಡಿದು ಗಟ್ಟಿಯಾಗುತ್ತದೆ. ಕೈ ಸಲೀಸಾಗಿ ಜಾರುತ್ತದೆ, ಆದರೆ ರಕ್ಷಣೆ ಕಡಿಮೆ, ಆಗಾಗ ಮತ್ತೆ ಸವರಬೇಕು.

ಪಟ್ಟಿ ಮುಗಿದರೂ ತೀರ್ಮಾನವಾಗಲಿಲ್ಲ. ಒಂದು ಸಂಜೆ ಅಪ್ಪ ಗದ್ದೆಯಿಂದ ಬಂದು ಕಾಲು ತೊಳೆದುಕೊಂಡು ಪಕ್ಕದಲ್ಲಿ ಕೂತರು. ಅದುವರೆಗೆ ಗಿಟಾರಿನ ಬಗ್ಗೆ ಒಂದು ಮಾತೂ ಆಡದವರು. ಲಿಯೋ ಮಾಡುತ್ತಿದ್ದದ್ದು ನೆನಪಾಗಿ, ಕತ್ತನ್ನು ಅವರ ಕೈಗೆ ಕೊಟ್ಟು ಏನು ಹಚ್ಚಲಿ ಎಂದು ಕೇಳಿದೆ. ಅಪ್ಪ ಅದನ್ನು ಮೇಲಿಂದ ಕೆಳಗೆ ಒಮ್ಮೆ ಸವರಿದರು. ಕೈ ಹಿಡಿಯುವುದು ಯಾವ ಕಡೆ ಎಂದು ಕೇಳಿದರು. ತೋರಿಸಿದೆ. ಗುದ್ದಲಿ ಕಾವಿಗೆ ಯಾರಾದರೂ ವಾರ್ನಿಷ್ ಹೊಡೆಯುತ್ತಾರಾ ಮಗ, ಹೊಡೆದರೆ ಅಂಗೈಯೆಲ್ಲ ಬೊಬ್ಬೆ ಎಂದರು. ತಂತಿ ಉಜ್ಜುವ ಕಡೆ ಬೇಕಾದರೆ ಗಟ್ಟಿಯಾದ್ದು ಹಾಕು, ಕೈ ಆಡುವ ಕಡೆ ಎಣ್ಣೆ ಸಾಕು ಎಂದರು. ಅಷ್ಟೇ. ಗಿಟಾರ್ ನುಡಿಸಲು ನಮ್ಮಪ್ಪನಿಗೂ ಬರುವುದಿಲ್ಲ. ಆದರೆ ಮರದ ಕಾವು ಹಿಡಿದು ನಲವತ್ತು ವರ್ಷ ದುಡಿದ ಕೈ ಅದು.

ಹಾಗೇ ಮಾಡಿದೆ. ಕತ್ತಿನ ಬುಡ ಒಡಲಿನೊಳಗೆ ಅಡಗುವ ಜಾಗ, ಹೊರಗೆ ಕಾಣುವುದಿಲ್ಲ. ಮೊದಲು ಎರಡನ್ನೂ ಅಲ್ಲಿ ಒಂದೊಂದು ಬೊಟ್ಟು ಹಚ್ಚಿ ಪರೀಕ್ಷಿಸಿ, ಆಮೇಲೆ ಉಜ್ಜಿ ತೆಗೆದೆ. ಅಲ್ಲಿ ಪದರ ದಪ್ಪವಾದರೆ ಕತ್ತು ತನ್ನ ಗೂಡಿನಲ್ಲಿ ಕೂರುವುದಿಲ್ಲ. ಬೆರಳಾಡುವ ಹಲಗೆಗೆ, ಹೊಳಪಿಲ್ಲದ ಪಿ.ಯು.ವನ್ನು ಅದಕ್ಕೆ ಹೇಳಿದ ತಿನ್ನರಿನಲ್ಲಿ ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಐದು ಸಲ ಸವರಿದೆ. ಪ್ರತಿ ಸಲವೂ ಒಣಗಲು ಬಿಟ್ಟು, 400ರ ಕಾಗದದಲ್ಲಿ ಹಗುರಾಗಿ ಉಜ್ಜಿ, ಧೂಳು ಒರೆಸಿ ಮತ್ತೆ ಸವರಿದೆ. ಫ್ರೆಟ್‌ಗಳ ಮೇಲೆ ಕೂತದ್ದನ್ನು ಕೊನೆಗೆ ಕೆರೆದು ತೆಗೆದೆ. ಹಿಂಬದಿಗೆ ಅಗಸೆ ಎಣ್ಣೆ. ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಪೂರ್ತಿ ಒರೆಸಿ, ಒಂದು ದಿನ ಬಿಟ್ಟು ಮತ್ತೆ. ಹೀಗೆ ಮೂರು ಸಲ. ಕೊನೆಗೆ ಒಂದಿಷ್ಟು ಜೇನುಮೇಣ. ಯಾರಾದರೂ ಮಾಡುವುದಿದ್ದರೆ ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಹುಟ್ಟುವ ಕಾವಿಗೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಹರಡಿ ಒಣಗಿಸಿ.

ತಿಂಗಳ ಕೊನೆ ಬಂತು. ಕೊಳ್ಳುವವನಿಗೆ ಫೋನ್ ಮಾಡಿ ಮಾರುವುದಿಲ್ಲ ಎಂದೆ. ಇದನ್ನು ದೊಡ್ಡ ನಿರ್ಧಾರವೆಂದು ಹೇಳಿಕೊಳ್ಳಲಾರೆ. ಕೋಚಿಂಗ್ ಸೇರಲು ಆಗಲಿಲ್ಲ, ಗ್ರಂಥಾಲಯದ ಪುಸ್ತಕಗಳಲ್ಲೇ ಓದುತ್ತಿದ್ದೇನೆ. ಎರಡು ಪರೀಕ್ಷೆ ಬರೆದೆ, ಫಲಿತಾಂಶ ಬಂದಿಲ್ಲ. ಈ ನಡುವೆ ಮಳವಳ್ಳಿಯ ಕಾಲೇಜು ಹುಡುಗನೊಬ್ಬ ತನ್ನ ಗಿಟಾರಿನ ಕತ್ತು ಬಾಗಿದೆ, ಕೈ ಅಂಟುತ್ತದೆ ಎಂದು ತಂದ. ಸರಿಮಾಡಿ ಕೊಟ್ಟೆ. ಅವನು ಕೊಟ್ಟ ಹಣ ಒಂದು ಪರೀಕ್ಷೆಯ ಅರ್ಜಿ ಶುಲ್ಕಕ್ಕೆ ಆಯಿತು. ಮತ್ತೊಂದು ಈಗ ಜಗಲಿಯಲ್ಲಿದೆ.

ಲಿಯೋನ ಬದುಕಿನಿಂದ ನಾನು ತೆಗೆದುಕೊಂಡದ್ದು ಕೋಟಿ ಗಳಿಸುವ ಕನಸನ್ನಲ್ಲ. ಕೆಲಸ ಹೋದದ್ದರಿಂದ ಮನುಷ್ಯ ಮುಗಿಯುವುದಿಲ್ಲ ಎಂಬ ಧೈರ್ಯ ಒಂದು. ಗೊತ್ತಿಲ್ಲದ್ದನ್ನು ಗೊತ್ತಿರುವ ಕೈಗಳನ್ನು ಕೇಳುವುದರಲ್ಲಿ ಅವಮಾನವಿಲ್ಲ ಎಂಬ ಬುದ್ಧಿ ಇನ್ನೊಂದು. ಇಷ್ಟು ದಿನ ನಾನು ನನ್ನ ಬಯೋಡೇಟಾಕ್ಕೆ ಹೊಳಪಿನ ಪದರ ಬಳಿಯುವುದರಲ್ಲೇ ಕಾಲ ಕಳೆದೆ. ನನಗೆ ನಿಜವಾಗಿ ಏನು ಮಾಡಲು ಬರುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ಎಣ್ಣೆ ಹಚ್ಚಿದ ಹಿಂಬದಿ ಈಗಾಗಲೇ, ಹೆಬ್ಬೆರಳು ಕೂರುವ ಜಾಗದಲ್ಲಿ, ತುಸು ಕಂದಾಗಿದೆ. ಮೊದಲು ನೋಡಿದಾಗ ಉಜ್ಜಿ ತೆಗೆಯೋಣ ಅನ್ನಿಸಿತು. ಅಪ್ಪನ ಗುದ್ದಲಿ ಕಾವು ಗೋಡೆಗೆ ಒರಗಿ ನಿಂತಿತ್ತು. ಕೈ ಹಿಡಿಯುವ ಜಾಗ ಅದರಲ್ಲೂ ಹಾಗೇ ಕಂದು. ಬಿಟ್ಟುಬಿಟ್ಟೆ.